ಪುರಸಭೆಯ ಕೆರೆ ಏರಿಯನ್ನು ತಪಾಸಣೆ ಮಾಡುವ ಕ್ರಮ

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೂ 10ರಿಂದ 15 ಮೀಟರ್ ಎತ್ತರದ ಕೆಲವಕ್ಕೂ ಮಾತ್ರ ಅನ್ವಯಿಸುವುದರಿಂದ, ಅದಕ್ಕಿಂತ ತಗ್ಗಾದ ಊರ ಕೆರೆಯ ಮಣ್ಣಿನ ಏರಿಯನ್ನು ಪುರಸಭೆಯ ಎಂಜಿನಿಯರು ಮತ್ತು ನೀರುಗಂಟಿಯೇ ನೋಡಿಕೊಳ್ಳಬೇಕಾಗುತ್ತದೆ. ಮುಂಗಾರಿಗೆ ಮುನ್ನ ನೀರು ತಗ್ಗಿರುವಾಗ ಒಮ್ಮೆ, ಕೆರೆ ತುಂಬಿ ಕೋಡಿ ಹರಿಯುವಾಗ ಮತ್ತೊಮ್ಮೆ ತಪಾಸಣೆ ನಡೆಯಬೇಕು. ಇವುಗಳಲ್ಲಿ ಎರಡನೆಯದನ್ನು ಎಂದಿಗೂ ಕೈಬಿಡಬಾರದು, ಏಕೆಂದರೆ ಏರಿಯ ದೋಷಗಳು ಬಯಲಾಗುವುದು ನೀರಿನ ಒತ್ತಡ ಬಿದ್ದಾಗಲೇ.

ತಪಾಸಣೆಯನ್ನು ಏರಿಯ ಹೊರಬದಿಯ ಬುಡದಿಂದ ಆರಂಭಿಸಿರಿ. ದೀಪ, ಬೆಂಚುಗಳಿಂದ ಸಿಂಗರಿಸಿದ ಮೇಲ್ಭಾಗ ಏರಿಯ ಒಳಗಿನ ಸ್ಥಿತಿಯನ್ನು ತಿಳಿಸುವುದಿಲ್ಲ. ಒಣ ನೆಲದ ನಡುವೆ ಹಸಿರಾದ ಜೊಂಡು, ಕಾಲಿಟ್ಟರೆ ಕುಸಿಯುವ ಮಣ್ಣು, ತೂಬಿನ ಕೊಳವೆ ಹೊರಬರುವ ಕಡೆ ಕಾಣುವ ತೇವ ಇವುಗಳ ಬಳಿ ಗೂಟ ನೆಟ್ಟು, ಜಿನುಗುವ ನೀರಿನಿಂದ ಒಂದು ಲೀಟರಿನ ಬಾಟಲಿ ತುಂಬಲು ಎಷ್ಟು ಹೊತ್ತು ಬೇಕಾಯಿತು ಎಂಬುದನ್ನು, ಆ ದಿನದ ಕೆರೆಯ ಮಟ್ಟದೊಂದಿಗೆ, ದಾಖಲಿಸಿರಿ. ಬಹುತೇಕ ಮಣ್ಣಿನ ಏರಿಗಳಲ್ಲಿ ಅಲ್ಪಸ್ವಲ್ಪ ತಿಳಿನೀರು ಜಿನುಗುವುದು ಸಹಜ. ಆದರೆ ಕೆರೆಯ ಮಟ್ಟ ಏರದಿದ್ದರೂ ಜಿನುಗು ಹೆಚ್ಚುತ್ತಿದ್ದರೆ, ಅಥವಾ ಬಾಟಲಿಯ ತಳದಲ್ಲಿ ಮಣ್ಣು ಕೂರುತ್ತಿದ್ದರೆ, ನೀರು ಏರಿಯನ್ನು ಒಳಗಿನಿಂದ ಕೊರೆಯುತ್ತಿದೆ ಎಂದೇ ತಿಳಿಯಬೇಕು.

ಅಂಥ ರಂಧ್ರವನ್ನು ಹೊರಗಿನಿಂದ ಜೇಡಿಮಣ್ಣಿನಿಂದ ಮುಚ್ಚಬಾರದು. ತಡೆದ ನೀರು ಒಳಗೇ ಒತ್ತಡ ಹೆಚ್ಚಿಸಿಕೊಂಡು ಬೇರೆಡೆ ಒಡೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹರಡಿ, ನೀರು ಹೊರಬರಲಿ, ಮಣ್ಣು ಉಳಿಯಲಿ ಎಂಬಂತೆ ಮಾಡಬೇಕು. ಅದೇ ಹೊತ್ತಿಗೆ ತೂಬು ತೆರೆದು ಮಟ್ಟ ಇಳಿಸಿ, ತಹಶೀಲ್ದಾರರಿಗೆ ತಿಳಿಸಿ, ಕೆಳಗಿನ ಮನೆಗಳನ್ನು ತೆರವುಗೊಳಿಸಬೇಕು.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ, ಸೋರಿಕೆಯ ಬಗ್ಗೆ ಮೊದಲೇ ದೂರಿದ್ದೆವೆಂದು ಗ್ರಾಮಸ್ಥರು ಹೇಳಿದರು. ರಾಜ್ಯದ ಸಚಿವರೊಬ್ಬರು ಏಡಿಗಳ ಮೇಲೆ ಹೊಣೆ ಹೊರಿಸಿದರು. ಏಡಿ, ಹೆಗ್ಗಣಗಳು ಬಿಲ ತೋಡುವುದು ನಿಜವೇ ಆದರೂ, ಆ ಬಿಲಗಳನ್ನು ಹುಡುಕಿ, ಅಗೆದು, ಮಣ್ಣು ತುಂಬಿ ದಮ್ಮಸು ಮಾಡಿಸುವುದು ಏರಿಯ ಒಡೆಯರ ಕೆಲಸ.

ಏರಿಯ ಮೇಲೆ ಅಡ್ಡಲಾಗಿ, ಕೆರೆಯ ಕಡೆಯಿಂದ ಹೊರಕ್ಕೆ ಸಾಗಿದ ಬಿರುಕು ಹೆಚ್ಚು ಅಪಾಯಕಾರಿ, ಅದು ನೀರಿಗೆ ನೇರ ದಾರಿಯಾಗಬಲ್ಲದು. ಉದ್ದಕ್ಕೆ ಬಿಟ್ಟ ಬಿರುಕು ಇಳಿಜಾರು ಜಾರುತ್ತಿರುವ ಸೂಚನೆಯಾಗಿರಬಹುದು. ಎರಡನ್ನೂ ಅಳೆದು, ಚಿತ್ರ ತೆಗೆದ ಬಳಿಕವೇ ಮುಚ್ಚಿಸಿರಿ. ದೊಡ್ಡ ಮರಗಳನ್ನು ಕಡಿದು ಬೇರು ಬಿಟ್ಟರೆ ಅದು ಕೊಳೆತು ಪೊಳ್ಳಾಗುವುದರಿಂದ, ಸಸಿಗಳಾಗಿರುವಾಗಲೇ ಕಿತ್ತುಹಾಕುವುದು ಒಳಿತು. ಹೂಳೆತ್ತುವವರು ಏರಿಯ ಒಳಬುಡದ ಮಣ್ಣನ್ನು ಬಗೆಯದಂತೆ ಗುರುತಿನ ಕಲ್ಲು ನೆಡಿಸಿರಿ.

ಕೊನೆಯದಾಗಿ ಕೋಡಿಯನ್ನು ನೋಡಿರಿ. ಹೆಚ್ಚು ನೀರು ನಿಲ್ಲಲೆಂದು ಯಾರಾದರೂ ಅದರ ಮೇಲೆ ಮರಳಿನ ಚೀಲ ಪೇರಿಸಿದ್ದರೆ, ಎಷ್ಟೇ ಆಕ್ಷೇಪ ಬಂದರೂ ಅಂದೇ ತೆಗೆಸಬೇಕು, ಏಕೆಂದರೆ ಏರಿಯ ಮೇಲೆ ನೀರು ಹತ್ತಿ ಹರಿದರೆ ಮಣ್ಣಿನ ಕಟ್ಟೆ ಹೆಚ್ಚು ಹೊತ್ತು ತಾಳುವುದಿಲ್ಲ. ಕೋಡಿಯಿಂದ ಮುಂದಿನ ಹಳ್ಳದವರೆಗೂ ನಡೆದು, ದಾರಿಯಲ್ಲಿರುವ ಒತ್ತುವರಿ ಮತ್ತು ಕಸವನ್ನು ವರದಿಯಲ್ಲಿ ನಮೂದಿಸಿರಿ.