ಹೆಸರುಕಾಳಿನ ಮೇಲಿನ ಬಿಳಿ ಚುಕ್ಕೆ

ಹೆಸರಿನ ಚೀಲದೊಳಗೆ ಕೈ ಹಾಕಿದಾಗ ಬೆಚ್ಚಗೆನಿಸಿದರೆ ಇಂದಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಬೀಜಕ್ಕೆಂದು ಎತ್ತಿಟ್ಟಿದ್ದ ಅರ್ಧ ಚೀಲ ಒಂದು ದೀಪಾವಳಿಯ ಹೊತ್ತಿಗೆ ಹೀಗೆಯೇ ಬಿಸಿಯೇರಿತ್ತು. ಮೊರಕ್ಕೆ ಸುರಿದರೆ ಕಾಳುಕಾಳಿಗೂ ದುಂಡನೆಯ ತೂತು, ತುಂಬ ಹಿಟ್ಟು, ಓಡಾಡುವ ಕಂದು ದುಂಬಿಗಳು. ರೋಣದ ನಮ್ಮ ಎರೆ ಹೊಲಕ್ಕೆ ಮರುವರ್ಷ ಕೊಂಡ ಬೀಜವನ್ನೇ ಬಿತ್ತಬೇಕಾಯಿತು.

ಈ ಹುಳು ಹೊಲದಿಂದಲೇ ಬರುತ್ತದೆ. ಕಾಯಿ ಒಣಗುವಾಗಲೇ ದುಂಬಿ ಅದರ ಮೇಲೆ ತತ್ತಿ ಅಂಟಿಸುತ್ತದೆ, ರಾಶಿಯಾದ ಮೇಲೆ ಕಾಳಿಗೇ ಅಂಟಿಸುತ್ತದೆ. ಕಾಳಿನ ಮೇಲೆ ಸುಣ್ಣ ಸಿಡಿದಂತೆ ಕಾಣುವ ಬಿಳಿ ಚುಕ್ಕೆಯೇ ಆ ತತ್ತಿ. ಮರಿ ಅಲ್ಲಿಂದಲೇ ಒಳಗೆ ಕೊರೆದು, ಒಳಗೇ ತಿಂದು, ಸುಮಾರು ಒಂದು ತಿಂಗಳಿಗೆ ದುಂಬಿಯಾಗಿ ಹೊರಬರುತ್ತದೆ. ತೂತು ಕಾಣುವ ಹೊತ್ತಿಗೆ ಆ ಕಾಳು ಹೋಯಿತು. ಆದ್ದರಿಂದ ರಾಶಿಯಾದ ಮೊದಲ ವಾರದಲ್ಲೇ ಕೆಲಸ ಮುಗಿಸಿ.

ನಮ್ಮಲ್ಲಿ ಹೆಸರು ಬಿಡಿಸುವುದೇ ಶ್ರಾವಣ, ಭಾದ್ರಪದದ ಮಳೆಯ ನಡುವೆ. ಬಿಸಿಲು ಬಿದ್ದ ದಿನ ಬೇರೆಲ್ಲ ಬಿಟ್ಟು ತಾಡಪತ್ರಿಯ ಮೇಲೆ ಕಾಳನ್ನು ತೆಳುವಾಗಿ ಹರಡಿ, ತಾಸಿಗೊಮ್ಮೆ ಕೈಯಾಡಿಸಿ. ತೇವಾಂಶ ಶೇ 9ರ ಆಸುಪಾಸಿಗೆ ಇಳಿಯಬೇಕು. ನನ್ನ ಮಾಪಕ ಹಲ್ಲು: ಕಡಿದರೆ ಕಾಳು ಕಟ್ಟನೆ ಒಡೆಯಬೇಕು, ಹಲ್ಲಿನ ಗುರುತು ಮೂಡಿದರೆ ಇನ್ನೂ ಹಸಿ. ಸಂಜೆ ನೆರಳಿನಲ್ಲಿ ಪೂರ್ತಿ ಆರಿಸಿದ ಮೇಲೆಯೇ ತುಂಬಿ, ಬಿಸಿ ಕಾಳು ಡಬ್ಬಿಯಲ್ಲಿ ಬೆವರುತ್ತದೆ. ಹಳೆಯ ಗೋಣಿಚೀಲವಾದರೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಕೊಳ್ಳಿ, ಅದರ ಹೊಲಿಗೆಗಳಲ್ಲಿ ದುಂಬಿ ಅಡಗಿರುತ್ತದೆ.

ಅಡುಗೆಯ ಕಾಳಿಗೆ ಕಿಲೋಗೆ 5 ಮಿಲಿ, ಅಂದರೆ ಒಂದು ಟೀ ಚಮಚ, ಶೇಂಗಾ ಎಣ್ಣೆ ಹಾಕಿ ಪ್ರತಿ ಕಾಳಿಗೂ ತಾಗುವಂತೆ ಅಂಗೈಯಿಂದ ತಿಕ್ಕಿ. ಎಣ್ಣೆ ತತ್ತಿಯ ಉಸಿರು ಕಟ್ಟಿಸುತ್ತದೆ. ಅತ್ತೆಯವರು ಇದಕ್ಕೆ ಔಡಲೆಣ್ಣೆಯನ್ನೇ ಬಳಸುತ್ತಿದ್ದರು. ನಾಲ್ಕು ಬೇವಿನೆಲೆ ಹಾಕಿ ನಿಶ್ಚಿಂತರಾಗಬೇಡಿ, ಕಾಳಿನೊಳಗೆ ಕುಳಿತ ಮರಿಯನ್ನು ಅದು ಮುಟ್ಟುವುದಿಲ್ಲ. ಸಾಧ್ಯವಾದರೆ ಒಂದಿಷ್ಟನ್ನು ಗಿರಣಿಯಲ್ಲಿ ಬೇಳೆ ಮಾಡಿಸಿ, ಈ ದುಂಬಿಗೆ ಇಡೀ ಕಾಳೇ ಬೇಕು.

ಬೀಜದ ಕಾಳನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಕಂಠಮಟ್ಟ ತುಂಬಿ. ಒಳಗೆ ಗಾಳಿ ಕಡಿಮೆಯಾದಷ್ಟೂ ಹುಳು ಬದುಕುವುದಿಲ್ಲ. ನೆಲದೊಳಗಿನ ಗುಂಡಿಯಲ್ಲಿ ಜೋಳ ತುಂಬಿಡುತ್ತಿದ್ದ ಹಗೇವಿನ ಯುಕ್ತಿಯೂ ಇದೇ ಆಗಿತ್ತು.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಮನೆಯೊಳಗಿನ ಚೀಲಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಹಾಕಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಹೊರಡುವ ವಿಷಾನಿಲ ಪಕ್ಕದಲ್ಲಿ ಮಲಗಿದ ಮಕ್ಕಳನ್ನೂ ಕೊಲ್ಲುತ್ತದೆ.

ಮುಂಗಾರಿಗೆ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ, ತಟ್ಟು ಆರಲು ಬಿಡಬೇಡಿ. ಒಂದು ವಾರದೊಳಗೆ 75 ಮೊಳೆತರೆ ಆ ಬೀಜವನ್ನು ಧೈರ್ಯವಾಗಿ ಕೂರಿಗೆಗೆ ಹಾಕಬಹುದು.