ತೀರ್ಥನ್ ಹೊಳೆಯಲ್ಲಿ ಕೈಗೆ ಬಂದ ರೋಲ್ ಕಾಸ್ಟ್

ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಮೀನು ಹಿಡಿಯಲು ಸ್ಪಿನ್ನರ್ (ಎಳೆದಾಗ ನೀರಲ್ಲಿ ತಿರುಗಿ ಹೊಳೆಯುವ ಲೋಹದ ಗಾಳ) ಬಿಟ್ಟರೆ ಬೇರೇನೂ ನಡೆಯದೆಂದು ನಮ್ಮ ತಂಡದ ಹಿರಿಯರು ಎರಡು ವರ್ಷ ಹೇಳುತ್ತಲೇ ಬಂದಿದ್ದರು. ಮೂರನೆಯ ವರ್ಷದ ಅಕ್ಟೋಬರಿನಲ್ಲಿ, ನವೆಂಬರಿನ ಮೀನು ಹಿಡಿಯುವ ನಿಷೇಧ ಜಾರಿಗೆ ಬರುವ ಮುನ್ನ, ದಂಡೆಯ ಗುಶೈನಿ ಹಳ್ಳಿಯಿಂದ ಮೇಲಕ್ಕೆ ನಾಲ್ಕು ದಿನಗಳಲ್ಲಿ ಹನ್ನೊಂದು ಬ್ರೌನ್ ಟ್ರೌಟ್ ಮೀನುಗಳನ್ನು ಫ್ಲೈಯಿಂದಲೇ (ಗರಿ, ದಾರ ಸುತ್ತಿ ಹುಳುವಿನಂತೆ ಕಟ್ಟಿದ ಹಗುರ ಕೊಕ್ಕೆ) ಹಿಡಿದು ಮತ್ತೆ ನೀರಿಗೆ ಬಿಟ್ಟಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ನನ್ನದು ಕಾವೇರಿಯಲ್ಲಿ ರಾಗಿ ಉಂಡೆ ಕಟ್ಟಿ ಮಹಶೀರ್‌ಗೆ ಕಾದು ಪಳಗಿದ ಕೈ. ಉಂಡೆಯ ಭಾರವನ್ನು ನಂಬಿ ಎಸೆಯುತ್ತಿದ್ದ ತೋಳು ಫ್ಲೈ ರಾಡ್ ಹಿಡಿದಾಗಲೂ ಅದೇ ಬಲವನ್ನು ಹಾಕುತ್ತಿತ್ತು, ಆದರೆ ಫ್ಲೈಗೆ ಭಾರವಿಲ್ಲ, ಅದನ್ನು ಒಯ್ಯುವುದು ಲೈನಿನ ಭಾರ. ಐದನೆಯ ತೂಕದ ಲೈನಿಗೆ ತಕ್ಕ ಒಂಬತ್ತು ಅಡಿ ರಾಡ್‌ಗೆ ಸುಮಾರು 9,000, ಲೈನಿಗೆ ಹತ್ತಿರ ಹತ್ತಿರ 5,000 ರೂಪಾಯಿ ಕೊಟ್ಟು ಊರಿನ ಮೈದಾನದಲ್ಲಿ ಬೀಸತೊಡಗಿದಾಗ, ಲೈನು ಬಾರುಕೋಲಿನಂತೆ ಪಟೀರೆಂದು ಸದ್ದು ಮಾಡುತ್ತಿತ್ತು. ನೆರೆದ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು, ನಾನೂ ಅದನ್ನು ಕೌಶಲವೆಂದೇ ತಿಳಿದಿದ್ದೆ. ಹಿಂದಕ್ಕೆ ಹೋದ ಲೈನು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಎಳೆದರೆ ಬರುವ ಸದ್ದು ಅದೆಂಬುದು ಹೊಳೆಯಲ್ಲಿ ತಿಳಿಯಿತು. ಮೊದಲ ದಿನವೇ ತಲಾ 150 ರೂಪಾಯಿಯ ಹದಿನಾಲ್ಕು ಫ್ಲೈಗಳು ಒಂದೊಂದು ಸದ್ದಿಗೆ ಒಂದರಂತೆ ಕಿತ್ತುಹೋದವು. ಮೀನು ಸೊನ್ನೆ.

ಎರಡನೆಯ ವರ್ಷ ಮಣಿಕಟ್ಟು ಬಾಗದಂತೆ ರಾಡಿನ ಹಿಡಿಯನ್ನು ಕ್ರೇಪ್ ಬ್ಯಾಂಡೇಜಿನಿಂದ ಮುಂಗೈಗೆ ಬಿಗಿದುಕೊಂಡು ಅಭ್ಯಾಸ ಮಾಡಿದೆ. ಮೈದಾನದಲ್ಲಿ ಐವತ್ತು ಅಡಿ ನೇರವಾಗಿ ಹೋಗುತ್ತಿದ್ದ ಲೈನು ತೀರ್ಥನ್ ದಂಡೆಯಲ್ಲಿ ನಿಂತ ಕೂಡಲೇ ಬೆನ್ನ ಹಿಂದಿನ ಮರಗಳಿಗೆ ಸಿಕ್ಕಿಕೊಂಡಿತು. ದೋಷ ರಾಡಿನದೆಂದು ಭಾವಿಸಿ 24,000 ರೂಪಾಯಿಯ ಇನ್ನೊಂದನ್ನು ಕೊಂಡದ್ದು ನನ್ನ ಜೀವನದ ದೊಡ್ಡ ಮೂರ್ಖತನ. ಅದು ಅದೇ ಮರಕ್ಕೆ ಇನ್ನಷ್ಟು ಸೊಗಸಾಗಿ ಸಿಕ್ಕಿಕೊಳ್ಳುತ್ತಿತ್ತು.

ಹಿಂದಕ್ಕೆ ಜಾಗವೇ ಇಲ್ಲದ ಮೇಲೆ, ಲೈನನ್ನು ಹಿಂದಕ್ಕೆ ಪೂರ್ತಿ ಬೀಸದೆ ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ನನಗೆ ಉಳಿದಿದ್ದ ದಾರಿ. ಆದರೆ ಅದನ್ನು ಹುಲ್ಲಿನ ಮೇಲೆ ಕಲಿಯಲು ಹೋಗಿ ಎರಡು ತಿಂಗಳು ಕಳೆದುಕೊಂಡೆ. ನೀರು ಲೈನನ್ನು ಹಿಡಿದಿಡದಿದ್ದರೆ ರಾಡು ಬಾಗುವುದಿಲ್ಲ, ಹುಲ್ಲಿಗೆ ಆ ಹಿಡಿತವಿಲ್ಲ. ಕೊನೆಗೆ ನಮ್ಮೂರಿನ ಕೆರೆಯ ಏರಿಯ ಮೇಲೆ ದಿನಾ ಬೆಳಿಗ್ಗೆ ಅರ್ಧ ಗಂಟೆ ನಿಂತೆ. ಎಮ್ಮೆ ಮೈ ತೊಳೆಯಲು ಬಂದವರು "ಇದೇನು, ಗಾಳಾನೋ ಬಾರುಕೋಲೋ?" ಎಂದು ಕೇಳಿ ನಗುತ್ತಿದ್ದರು. ರಾಡನ್ನು ನಿಧಾನವಾಗಿ ಹಿಂದೆಳೆದು, ಲೈನು ಭುಜದ ಹಿಂದೆ ಹೊಟ್ಟೆ ಬಿಟ್ಟು ಇಳಿಬೀಳುವವರೆಗೆ ಸುಮ್ಮನೆ ನಿಲ್ಲಬೇಕು, ಆಮೇಲೆ ಮುಂದಕ್ಕೆ ಬಂದು ರಾಡಿನ ತುದಿಯನ್ನು ಎತ್ತರದಲ್ಲೇ ತಟ್ಟನೆ ನಿಲ್ಲಿಸಬೇಕು. ನನಗೆ ಕಷ್ಟವಾದದ್ದು ಸುಮ್ಮನೆ ನಿಲ್ಲುವ ಆ ಒಂದು ಕ್ಷಣ ಮಾತ್ರ.

ಈ ನಡುವೆ, ಕೋಳಿ ಅಂಗಡಿಯಲ್ಲಿ ಬಿಟ್ಟಿಯಾಗಿ ಸಿಕ್ಕ ನಾಟಿ ಹುಂಜದ ಕತ್ತಿನ ಗರಿ ಮತ್ತು ಹಳೆಯ ಸ್ವೆಟರಿನ ಉಲ್ಲನ್ ದಾರದಿಂದ ಮೂವತ್ತು ಫ್ಲೈಗಳನ್ನು ಕಟ್ಟಿದೆ. ಉಲ್ಲನ್ ನೀರು ಕುಡಿದು ಹತ್ತೇ ನಿಮಿಷದಲ್ಲಿ ಮುಳುಗುತ್ತಿದ್ದುದರಿಂದ ತೇಲಬೇಕಾದವು ಕೆಟ್ಟವು, ಆದರೆ ಮುಳುಗಿದ ಕಂದು ಬಣ್ಣದವಕ್ಕೇ ಎರಡು ಮೀನು ಬಿದ್ದವು.

ಮೂರನೆಯ ವರ್ಷ ಇಪ್ಪತ್ತು ಅಡಿಗಿಂತ ದೂರ ಎಸೆಯಲೇ ಇಲ್ಲ. ಬಂಡೆಯ ಹಿಂದಿನ ಸುಳಿಗೆ ಹದಿನಾಲ್ಕನೆಯ ಅಳತೆಯ ಕೊಕ್ಕೆಯ ನಿಂಫ್ (ನೀರೊಳಗಿನ ಮರಿಹುಳುವಿನಂತೆ ಕಟ್ಟಿದ, ಮುಳುಗುವ ಫ್ಲೈ) ಇಳಿಸಿ, ರಾಡನ್ನು ಎತ್ತಿ ಹಿಡಿದು ನಡುವಿನ ರಭಸದ ನೀರಿಗೆ ಲೈನು ತಾಗದಂತೆ ನೋಡಿಕೊಂಡರೆ ಫ್ಲೈ ಎಳೆದಾಡದೆ ತಾನಾಗಿ ಹರಿಯುತ್ತದೆ. ದೊಡ್ಡ ಮೀನು ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟಿತ್ತು. ಸ್ಪಿನ್ನರಿನವರಿಗೆ ಆ ನಾಲ್ಕು ದಿನಗಳಲ್ಲಿ ಸಿಕ್ಕದ್ದು ಏಳೋ ಎಂಟೋ. ಲೀಡರಿನ (ಲೈನಿನ ತುದಿಗೂ ಫ್ಲೈಗೂ ನಡುವಿನ ತೆಳು ದಾರ) ಕೊನೆಯ ಎರಡು ಅಡಿಯಲ್ಲಿ ನಾನು ಮಾಡಿಕೊಂಡ ಬದಲಾವಣೆಯನ್ನು ಅವರಿಗೆ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಮಧ್ಯಾಹ್ನ ಕಣಿವೆಯ ಗಾಳಿ ಮೇಲ್ಮುಖವಾಗಿ ಬೀಸತೊಡಗಿದರೆ ಮಾತ್ರ ಈ ವಿಧಾನ ಇನ್ನೂ ಕೈಕೊಡುತ್ತದೆ. ಬೆನ್ನಿಗೆ ಬೀಸುವ ಗಾಳಿ ಅನುಕೂಲವೆಂದು ತೋರಿದರೂ, ಭುಜದ ಹಿಂದೆ ನಿಲ್ಲಬೇಕಾದ ಲೈನನ್ನು ಅದು ಮುಂದಕ್ಕೆ ತಳ್ಳಿ ಕಾಲ ಬಳಿ ರಾಶಿ ಹಾಕುತ್ತದೆ. ಆದ್ದರಿಂದ ಎರಡು ಗಂಟೆಯ ಹೊತ್ತಿಗೆ ರಾಡು ಬಿಚ್ಚಿಟ್ಟು ಚಹಾ ಕುಡಿಯುತ್ತ ಸ್ಪಿನ್ನರಿನವರನ್ನು ನೋಡುತ್ತಿದ್ದೆ.