ನೆರೆ ನಕ್ಷೆಯಲ್ಲಿ ನಿಮ್ಮ ಮನೆ ಎಲ್ಲಿದೆ? ನೋಡುವುದು, ತಿದ್ದಿಸುವುದು ಹೇಗೆ

ಆಶ್ಲೇಷ ಮಳೆ ಹಿಡಿಯಿತೆಂದರೆ ಸಕಲೇಶಪುರದವರ ಕಣ್ಣೆಲ್ಲ ಹೊಳೆ ಮಲ್ಲೇಶ್ವರ ದೇವಸ್ಥಾನದ ಕಡೆಗೆ. ಹೇಮಾವತಿ ಎಲ್ಲಿಗೆ ಮುಟ್ಟಿದರೆ ಯಾವ ಬೀದಿಗೆ ನೀರು ಬರುತ್ತದೆ ಎಂಬ ಲೆಕ್ಕ ಹಳಬರಿಗೆ ಗೊತ್ತು. ಆದರೆ ನೀರು ತಡೆದು ನಿಲ್ಲಿಸುತ್ತಿದ್ದ ಗದ್ದೆಗಳಲ್ಲಿ ಎಷ್ಟೋ ಕಡೆ ಮನೆ ಎದ್ದಿವೆ. ರಸ್ತೆ ಅಗಲ ಮಾಡಲು ಧರೆ, ಅಂದರೆ ಬದಿಯ ಮಣ್ಣಿನ ದಿಬ್ಬ, ಕಡಿದಿದ್ದಾರೆ. ಹಳೆ ಲೆಕ್ಕ ತಪ್ಪುತ್ತಿದೆ, ಸರ್ಕಾರದ ನಕ್ಷೆಗಳೂ ಬದಲಾಗುತ್ತಿವೆ. ಊರಿನವರು ಹೇಳದಿದ್ದರೆ ಊರಿನ ನೀರಿನ ಗುರುತು ಆ ನಕ್ಷೆಗೆ ಸೇರುವುದಿಲ್ಲ. ಈ ಕೆಲಸವನ್ನು ಬೇಸಿಗೆಯಲ್ಲೇ ಶುರು ಮಾಡಿ.

ಕರಾವಳಿಯವರಿಗೆ ಇದು ಹೊಸದಲ್ಲ. ಅಲ್ಲಿ 2011 ಮತ್ತು 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಗಳ ನಂತರ ನಕ್ಷೆ ಮತ್ತೆ ಬರೆಯಬೇಕಾಯಿತು. ಕರಡನ್ನು ಜನರ ಮುಂದಿಟ್ಟು ಆಕ್ಷೇಪ ಕೇಳಬೇಕೆಂಬ ನಿಯಮವೂ ಇದೆ. ನಾವು ಮಾತ್ರ ಯಾರಾದರೂ ಕರೆದು ಕೇಳಲಿ ಎಂದು ಸುಮ್ನೆ ಕೂರಬಾರದು.

ಮೊದಲು ನಕ್ಷೆ ಹುಡುಕಿ

ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಲೇಬೇಕು ಎಂದು 2005ರ ಕಾಯ್ದೆ ಹೇಳುತ್ತದೆ. ಜಿಲ್ಲಾಧಿಕಾರಿಯೇ ಅದರ ಪ್ರಾಧಿಕಾರಕ್ಕೆ ಅಧ್ಯಕ್ಷರು. ಆ ಯೋಜನೆಯಲ್ಲಿ ಅಪಾಯದ ಊರುಗಳ ಪಟ್ಟಿ ನೋಡಿ. ಭೂಕುಸಿತದ ನಕ್ಷೆ ಮಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ನಿಮ್ಮ ಜಾಗದ ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್ ತೆರೆದು ಅಲ್ಲೇ ನಿಂತು ನೋಡಿದರೆ ಸಾಕು.

ಬಣ್ಣ ನೋಡಿ ಹೆದರುವ ಮುನ್ನ ಅಳತೆ ನೋಡಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಜಗಳವೆಲ್ಲ ಹುಟ್ಟುವುದು ಇಲ್ಲೇ. ದೇಶದ ಭೂಕುಸಿತ ನಕ್ಷೆಯ ಅಳತೆ 1:50,000. ಅಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಒಂದು ಮನೆ, ಕೊಟ್ಟಿಗೆ, ಅಂಗಳ ಎಲ್ಲ ಮುಚ್ಚಿಹೋಗುತ್ತವೆ. ಹಾಗಾಗಿ ಗೆರೆಯ ಈಚೆ ಇದ್ದೇವೆ ಎಂದು ನಿಶ್ಚಿಂತೆಯಿಂದ ಇರಬೇಡಿ, ಆಚೆ ಇದ್ದೇವೆ ಎಂದು ಹೆದರಿ ಮನೆ ಮಾರಲೂ ಹೋಗಬೇಡಿ. ಕೆಂಪು ಬಣ್ಣ ಎಂದರೆ ಈ ವರ್ಷವೇ ಗುಡ್ಡ ಜಾರುತ್ತದೆ ಎಂದಲ್ಲ. ಅಲ್ಲಿನ ಇಳಿಜಾರು, ಮಣ್ಣು, ನೀರಿನ ಹಾದಿ ನೋಡಿದರೆ ಜಾರುವ ಸಂಭವ ಜಾಸ್ತಿ ಎಂದಷ್ಟೇ ಅರ್ಥ. ಮನೆ ಮಟ್ಟದ ತೀರ್ಮಾನಕ್ಕೆ ಸ್ಥಳ ಪರಿಶೀಲನೆ ಆಗಲೇಬೇಕು. ಅದನ್ನು ಕೇಳುವ ಹಕ್ಕು ನಿಮಗಿದೆ.

ನೀರಿನ ಗುರುತು ಹಿಡಿಯಿರಿ

2018, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮನೆಮನೆಗೆ ಹೋಗಿ ಕೇಳಿ. ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿದ್ದರೆ ಅದೇ ಸಾಕ್ಷಿ. ಪೇಂಟಿನಲ್ಲಿ ಗೆರೆ ಎಳೆದು ವರ್ಷ ಬರೆಯಿರಿ, ಟೇಪು ಹಿಡಿದು ಫೋಟೊ ತೆಗೆಯಿರಿ.

ಗುರುತಿಲ್ಲದ ಪಕ್ಕದ ಮನೆಗೆ ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಒಂದು ತುದಿಯ ನೀರನ್ನು ಹಳೆ ಗೆರೆಗೆ ಸರಿಯಾಗಿ ಹಿಡಿಯಿರಿ. ಇನ್ನೊಂದು ತುದಿಯಲ್ಲಿ ನೀರು ನಿಂತ ಮಟ್ಟವೇ ಆ ಮನೆಯ ಗುರುತು. ಹೊಳೆಗೇ ಇಳಿಜಾರು ಇರುವುದರಿಂದ ದೂರದ ಮನೆಗಳಿಗೆ ಈ ಲೆಕ್ಕ ಹಿಡಿಯಬೇಡಿ.

ಎಸ್ಟೇಟಿನ ಮಳೆ ಪುಸ್ತಕ

ನಮ್ಮ ಕಾಫಿ ತೋಟಗಳಲ್ಲಿ ದಿನವೂ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆಯಲ್ಲ, ಅದು ದೊಡ್ಡ ಆಸ್ತಿ. ತೋಟದವರನ್ನು ಕೇಳಿ, ನೆರೆ ಬಂದ ವಾರದ ಪುಟಗಳ ಪ್ರತಿ ಪಡೆಯಿರಿ. ಒಂದು ಇಂಚು ಎಂದರೆ 25.4 ಮಿ.ಮೀ. ಹವಾಮಾನ ಇಲಾಖೆ ದಿನಕ್ಕೆ 115.6 ಮಿ.ಮೀ. ದಾಟಿದರೆ 'ಅತಿ ಭಾರಿ' ಎನ್ನುತ್ತದೆ, ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಇಂಚು. 204.4 ದಾಟಿದರೆ, ಅಂದರೆ ಎಂಟು ಇಂಚಿಗೂ ಮೇಲಾದರೆ, 'ಅತ್ಯಂತ ಭಾರಿ'.

ನೀರು ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಬರೆಯಿರಿ. ಸಕಲೇಶಪುರಕ್ಕೆ ನೆರೆ ತರುವುದು ಮೂಡಿಗೆರೆ ಕಡೆಯ ಮಳೆ. ಗೊರೂರಿನ ಕೆಳಗಿನವರು ನೋಡಬೇಕಾದ್ದು ಅಲ್ಲಿನ ಹೇಮಾವತಿ ಅಣೆಕಟ್ಟಿನ ಮಟ್ಟ, 2,922 ಅಡಿಗೆ ಅದು ಭರ್ತಿ. ಎರಡೂ ಕಡೆಯವರಿಗೆ ಒಂದೇ ಎಚ್ಚರಿಕೆ ಸಾಲದು.

ಧರೆ ಇದ್ದರೆ

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳೇ ಹೋದವು. ಅಲ್ಲಿಂದೀಚೆಗೆ ಮಲೆನಾಡಿನಲ್ಲಿ ಹೊಳೆಯ ಜೊತೆ ಗುಡ್ಡವನ್ನೂ ನೋಡಲೇಬೇಕು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಊಟೆ (ಒರತೆ) ನೀರು ಕಂಡರೆ ನಕ್ಷೆಯಲ್ಲಿ ಗುರುತು ಹಾಕಿ. ಇದೇ ಮಳೆಗಾಲದಲ್ಲಿ ಕಂಡರೆ ನಕ್ಷೆ ಆಮೇಲೆ, ಮೊದಲು ಮನೆ ಬಿಟ್ಟು 112ಕ್ಕೆ ಫೋನ್ ಮಾಡಿ.

ಕೊಟ್ಟದ್ದಕ್ಕೆ ದಾಖಲೆ ಇರಲಿ

ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ: ಸರ್ವೆ ನಂಬರ್, ನೀರಿನ ಮಟ್ಟ, ವರ್ಷ, ಕಟ್ಟಿಕೊಂಡ ಮೋರಿಗಳು. ಮಲಗಿದಲ್ಲೇ ಇರುವ ಹಿರಿಯರು ಯಾವ ಮನೆಯಲ್ಲಿದ್ದಾರೆ ಎಂಬುದನ್ನು ಬಿಡಬೇಡಿ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ. ಅದರ ಪ್ರತಿಯೊಂದಿಗೆ ತಹಶೀಲ್ದಾರ್ ಮತ್ತು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಹೊರಗೆ ಬರಬೇಡಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ, ಆ ಅರ್ಜಿಯ ಮೇಲೆ ಏನು ಕ್ರಮ ಆಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.